ಬುತ್ತಿ ಕಟ್ಟುವ ಕಾಲ

ನಮ್ಮ ಯಾದಗಿರಿ ಸೀಮೆಯಲ್ಲಿ ಹಬ್ಬದ ಮರುದಿನ ಯಾರಾದರೂ ಎದುರಾಗಿ ‘ನಿನ್ನೆ ಎಲ್ಲಿಗಿ ಹೋಗಿದ್ರಿ?’ ಎಂದು ಕೇಳಿದರೆ, ಊರಿನ ಹೆಸರಿಗಿಂತ ಮುಂಚೆ ಬುತ್ತಿಯ ಮಾತು ಬರುತ್ತದೆ. ‘ಬುತ್ತಿ ಕಟ್ಗೊಂಡು ಹೊಲಕ್ಕ ಹೋಗಿದ್ವಿ’, ‘ಬುತ್ತಿ ತಗೊಂಡು ಛಾಯಾ ಭಗವತಿ ಗುಡಿಗೆ ಹೋಗಿ ಬಂದ್ವಿ’. ಬುತ್ತಿ ಕಟ್ಟದೆ ಹೋದದ್ದು ಸಂತೆ, ಕಚೇರಿ, ದವಾಖಾನೆ. ಬುತ್ತಿ ಕಟ್ಟಿಕೊಂಡು ಹೋದದ್ದು ಸಂತೋಷ. ಈ ಲೆಕ್ಕ ನಮ್ಮ ಮನೆಗಳಲ್ಲಿ ಇಂದಿಗೂ ತಪ್ಪಿಲ್ಲ.

ಇಲ್ಲಿ ಹೀಗೆ ಹೊರಗೆ ಹೊರಡಲು ವರ್ಷದಲ್ಲಿ ನಾಲ್ಕು ತಿಂಗಳು ಸಿಕ್ಕರೆ ಹೆಚ್ಚು. ಏಪ್ರಿಲ್–ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿದರೆ ನಾಯಿಯೂ ನೆರಳು ಬಿಟ್ಟು ಕದಲದು. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಗಿಳಿದರೆ ಚಪ್ಪಲಿಗೆ ಒಂದೊಂದು ಸೇರು ಮಣ್ಣು ಅಂಟುತ್ತದೆ. ಬಂಡಿ ಹೂತರೆ ಎತ್ತಲು ನಾಲ್ಕು ಜನ ಬೇಕು. ಸೆಪ್ಟೆಂಬರಿನ ಜೋರು ಮಳೆ ಸುರಿದು ನಿಂತ ಮೇಲೆ ಆಕಾಶ ತೊಳೆದಿಟ್ಟ ಪರಾತದಂತಾಗುತ್ತದೆ. ಸೆಪ್ಟೆಂಬರ್ 17ರಂದು ಶಾಲೆ ಮಕ್ಕಳು ಧ್ವಜ ಹಿಡಿದು ಸಾಲಾಗಿ ಹೋಗುತ್ತಾರೆ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದ ದಿನ ಅದು. 2019ರಿಂದ ಅದಕ್ಕೆ ಕಲ್ಯಾಣ ಕರ್ನಾಟಕ ಉತ್ಸವ ಎಂದು ಹೆಸರು. ನನ್ನ ಪಾಲಿಗೆ ಬುತ್ತಿ ಕಟ್ಟುವ ಕಾಲ ಅಂದೇ ಶುರು. ಅಲ್ಲಿಂದ ಮಾರ್ಗಶಿರದ ಎಳ್ಳ ಅಮಾವಾಸ್ಯೆಯವರೆಗೆ ಒಂದಾದ ಮೇಲೊಂದು ನೆವ.

ಮೊದಲ ನೆವ ಹೆಣ್ಣುಮಕ್ಕಳದು. ನವರಾತ್ರಿಯ ಒಂಬತ್ತು ದಿನ ನಸುಕಿನಲ್ಲಿ, ಇನ್ನೂ ಕತ್ತಲಿರುವಾಗಲೇ, ಮಿಂದು ಮಡಿಯುಟ್ಟು ಆರತಿ ತಟ್ಟೆ ಹಿಡಿದು ಬನ್ನಿ ಗಿಡಕ್ಕೆ ಹೋಗುತ್ತಾರೆ. ಇದಕ್ಕೆ ಬನ್ನಿ ಮುಡಿಯುವುದು ಎನ್ನುತ್ತೇವೆ. ಗಿಡ ಊರ ಹೊರಗಿರುತ್ತದೆ, ಹಳ್ಳದ ದಂಡೆಗೋ ಹೊಲದ ಬದುವಿಗೋ. ನಾನು ಸಣ್ಣವನಿದ್ದಾಗ ಅವ್ವನ ಸೆರಗು ಹಿಡಿದು ಹೋಗುತ್ತಿದ್ದೆ. ತಟ್ಟೆಯಲ್ಲಿನ ದೀಪ ಆರದಂತೆ ಎಡಗೈ ಅಡ್ಡ ಹಿಡಿದು ನಡೆಯುವ ಹೆಂಗಸರ ಸಾಲು. ಬೆಳಕೆಲ್ಲ ಅಂಗೈಯ ಒಳಮೈ ಮೇಲೆ, ಮುಖಗಳು ಅರ್ಧ ಮಾತ್ರ ಕಾಣುವವು. ಗಿಡದ ಬುಡಕ್ಕೆ ನೀರೆರೆದು, ಅರಿಶಿನ ಕುಂಕುಮ ಏರಿಸಿ, ಸುತ್ತು ಹಾಕಿ, ಅಲ್ಲೇ ಕೂತು ಮಾತಾಡುವುದು. ಬರುವಾಗ ಬೆಳಗಾಗಿರುತ್ತಿತ್ತು. ವರ್ಷದ ಉಳಿದ ದಿನಗಳಲ್ಲಿ ನೀರು, ಕಟ್ಟಿಗೆ, ಕೂಲಿ ಎಂದಲ್ಲದೆ ಮನೆ ಬಿಟ್ಟು ಹೊರಡದ ಹೆಂಗಸರು ಒಂಬತ್ತು ನಸುಕು ತಮ್ಮದೇ ಕಾಲಿನಲ್ಲಿ, ತಮ್ಮದೇ ಗೆಳತಿಯರ ಸಂಗಡ ಊರು ದಾಟುತ್ತಿದ್ದರು. ಅದರ ಬೆಲೆ ನನಗೆ ತಿಳಿದದ್ದು ಬಹಳ ತಡವಾಗಿ.

ರಾತ್ರಿ ಗುಡಿಯಲ್ಲಿ ಚಿದಾನಂದಾವಧೂತರ ದೇವಿ ಪುರಾಣ ಓದಿಸುತ್ತಾರೆ. ಮಹಿಷಾಸುರನ ವಧೆಯ ಅಧ್ಯಾಯ ಬಂದ ದಿನ ಮಕ್ಕಳು ನಿದ್ದೆಗಣ್ಣಿನಲ್ಲೂ ಎದ್ದು ಕೂರುತ್ತಾರೆ. ದಶಮಿಯ ಸಂಜೆ ಬನ್ನಿ. ‘ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ’ ಎಂದು ಎಲೆ ಕೊಟ್ಟು ಕಾಲಿಗೆರಗುವುದು, ಓರಗೆಯವರಾದರೆ ಅಪ್ಪಿಕೊಳ್ಳುವುದು. ವರ್ಷವಿಡೀ ಬದುವಿನ ಜಗಳದಲ್ಲಿ ಮಾತು ಬಿಟ್ಟವರೂ ಆ ಸಂಜೆ ಎದುರಾದರೆ ಎಲೆ ಕೊಡಲೇಬೇಕು. ಸುರಪುರದಲ್ಲಿ ನೋಡಿದ್ದೇನೆ: ಗುಡ್ಡದ ಓಣಿಗಳ ಏರಿನಲ್ಲಿ ಕಿರಿಯರ ಗುಂಪುಗಳು ಮನೆಮನೆ ಹತ್ತಿ ಇಳಿಯುತ್ತಾ ಹಿರಿಯರಿಗೆ ಬನ್ನಿ ಕೊಡುತ್ತವೆ, ರಾತ್ರಿ ಹತ್ತಾದರೂ ಆ ಓಡಾಟ ನಿಲ್ಲದು.

ದಸರೆ ಮುಗಿಯಿತೆಂದರೆ ರಸ್ತೆಯಂಚಿಗೆ ಸೀತಾಫಲದ ಬುಟ್ಟಿಗಳು ಬಂದು ಕೂರುತ್ತವೆ. ಯಾದಗಿರಿ, ಶಹಾಪುರ, ಸುರಪುರದ ಬಂಡೆಗುಡ್ಡಗಳಲ್ಲಿ ಯಾರೂ ನೆಡದೆ, ನೀರು ಹಾಕದೆ ಬೆಳೆವ ಹಣ್ಣು. ಕಣ್ಣು ಬಿಟ್ಟ ಕಾಯಿ ಕಿತ್ತು ತಂದು ಜೋಳದ ರಾಶಿಯಲ್ಲೋ ಹುಲ್ಲಿನಲ್ಲೋ ಹೂತಿಟ್ಟು ಹಣ್ಣು ಮಾಡುತ್ತಾರೆ. ಮಕ್ಕಳಿಗೆ ಗುಡ್ಡ ಹತ್ತಲು ಇದಕ್ಕಿಂತ ದೊಡ್ಡ ಆಸೆ ತೋರಿಸಬೇಕಿಲ್ಲ. ಯಾದಗಿರಿಯ ಕೋಟೆ ಊರ ನೆತ್ತಿಯ ಮೇಲೇ ಇದೆ. ಮೇಲೆ ಫಿರಂಗಿಗಳು, ಬಾವಿಗಳು, ಕೆಳಗೆ ನೋಡಿದರೆ ಭೀಮೆಯ ಬಯಲು. ಭೀಮೆ ದಾಟಿ ಒಂದು ತಾಸು ಹೋದರೆ ಶಹಾಪುರ. ಅಲ್ಲಿನ ಗುಡ್ಡಗಳ ಸಾಲು ರಸ್ತೆಯಿಂದ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ನಾಲ್ಕು ಗುಡ್ಡ ಸೇರಿ ಒಂದು ಮೈ: ಹಣೆ, ಮೂಗು, ಎದೆಯ ಮೇಲಿಟ್ಟ ಕೈ. ಟಂಟಂನಲ್ಲಿ ಕೂತ ಅಜ್ಜಿ ಮೊಮ್ಮಗನಿಗೆ ‘ಅಗೋ ಮೂಗು, ಅಗೋ ಗದ್ದ’ ಎಂದು ಬೊಟ್ಟು ಮಾಡುವುದನ್ನು ಕೇಳದೆ ಆ ದಾರಿ ದಾಟಿದವರಿಲ್ಲ.

ಒಂದು ಮಾತು ಇಲ್ಲಿ ಹೇಳಲೇಬೇಕು. ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಗಳ ಪ್ರವಾಸದ ಬಸ್ಸುಗಳು ವಿಜಯಪುರ, ಹಂಪಿ, ಬಾದಾಮಿಗೆ ಓಡುತ್ತವೆ. ಓಡಲಿ, ಅವು ನೋಡಲೇಬೇಕಾದ ಜಾಗಗಳು. ಆದರೆ ಗೋಳಗುಮ್ಮಟ ನೋಡಿ ಬಂದ ಮಗುವಿಗೆ, ಆ ಆದಿಲ್ ಶಾಹಿ ಮನೆತನದ ಮೊದಲ ಸುಲ್ತಾನ ಯೂಸುಫ್ ಆದಿಲ್ ಶಾಹನ ಗೋರಿ ಶಹಾಪುರದ ಪಕ್ಕದ ಗೋಗಿಯಲ್ಲಿದೆ ಎಂದು ಯಾರೂ ಹೇಳಿರುವುದಿಲ್ಲ. ಶಹಾಪುರ ತಾಲ್ಲೂಕಿನ ಹುರಸಗುಂಡಗಿಯಿಂದ ಭೀಮೆ ದಾಟಿದರೆ ಸನ್ನತಿ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಚಾವಣಿ ಕುಸಿದಾಗ ದೇವಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಹೊರಬಿತ್ತು. ಅದಕ್ಕೆ ಹೊಂದಿಕೊಂಡ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೊರೆದ ಅವನದೇ ಉಬ್ಬುಶಿಲ್ಪ ಸಿಕ್ಕಿತು. ಕೊಡೇಕಲ್ಲಿನ ಕಡೆ ಹೊರಟರೆ ನೇಯ್ಗೆಯ ಶರಣ ದೇವರ ದಾಸಿಮಯ್ಯನ ಹುಟ್ಟೂರು ಮುದನೂರು. ಒಂದು ಹೊತ್ತಿನ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮನೆ ಸೇರಬಹುದಾದ ದೂರ ಇವೆಲ್ಲ. ತನ್ನ ಮನೆಯ ಪಡಸಾಲೆ ನೋಡದ ಮಗುವಿಗೆ ಪರವೂರಿನ ಅರಮನೆ ತೋರಿಸಿ ಕರೆತರುತ್ತಿದ್ದೇವೆ.

ಸುರಪುರಕ್ಕೆ ಹೋದವರು ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡುತ್ತಾರೆ. ಬಾಲಕ ರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ ಸಂಸ್ಥಾನದ ಉಸ್ತುವಾರಿಗೆ ಬಂದ ಫಿಲಿಪ್ ಮೆಡೋಸ್ ಟೇಲರ್ 1844ರಲ್ಲಿ ಕಟ್ಟಿಸಿದ ಮನೆ ಅದು. ಆ ಬಾಲಕ ಬೆಳೆದು 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತ, ಸೆರೆಯಾದ, ಅದೇ ವರ್ಷ ತೀರಿಕೊಂಡ. ಮನೆಯ ಜಗುಲಿಯಿಂದ ಕೆಳಗಿನ ಬಯಲು, ಗುಡ್ಡಗಳ ಬೇಲಿ ನೋಡುತ್ತಾ ನಿಂತರೆ ಈ ಊರನ್ನು ನಾಯಕರು ಯಾಕೆ ಆರಿಸಿಕೊಂಡರು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿಂದ ಬೋನಾಳ ಕೆರೆ ಸಮೀಪ. ನವೆಂಬರಿನಿಂದ ಅಲ್ಲಿ ವಲಸೆ ಹಕ್ಕಿಗಳು ಇಳಿಯುತ್ತವೆ. ಹಿಮಾಲಯವನ್ನೇ ಹಾರಿ ದಾಟುವ ಪಟ್ಟೆತಲೆಯ ಹೆಬ್ಬಾತುಗಳು ನಾಯಕರ ಕಾಲದ ಕೆರೆಯ ನೀರಿನಲ್ಲಿ ತೇಲುವುದನ್ನು ನೋಡಲು ಬೆಳಗಿನ ಏಳು ಗಂಟೆಯೊಳಗೆ ಹೋಗಬೇಕು. ಬಿಸಿಲೇರಿದ ಮೇಲೆ ಹೋದವರಿಗೆ ದೂರದ ಚುಕ್ಕೆಗಳಷ್ಟೇ ಸಿಗುತ್ತವೆ. ಮೊಬೈಲಿನಲ್ಲಿ ಹಾಡು ಜೋರು ಮಾಡಿಕೊಂಡು ಏರಿಯ ಮೇಲೆ ನಡೆಯುವ ಗುಂಪುಗಳೂ ಇವೆ. ಸಾವಿರಾರು ಮೈಲಿ ಹಾರಿ ಬಂದ ಜೀವಕ್ಕೆ ಒಂದು ಬೆಳಗಿನ ಮೌನ ಕೊಡದಷ್ಟು ನಾವು ಬಡವರಲ್ಲ.

ದೀಪಾವಳಿಯ ಸೊಗಸು ನೋಡಬೇಕಾದರೆ ತಾಂಡಾಗಳಿಗೆ ಹೋಗಬೇಕು. ನಮ್ಮ ಜಿಲ್ಲೆಯ ಲಂಬಾಣಿ ತಾಂಡಾಗಳಿಂದ ಬಹಳ ಜನ ಬೆಂಗಳೂರು, ಮುಂಬೈ, ಪುಣೆಗೆ ದುಡಿಯಲು ಹೋಗಿರುತ್ತಾರೆ. ಈ ಹಬ್ಬಕ್ಕೆ ಅವರು ಬರದೆ ಇರುವುದಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ ಯಾದಗಿರಿಯಲ್ಲಿ ನಿಂತಾಗ ಆ ವಾರ ಇಳಿಯುವ ಗಂಟುಗಳನ್ನು, ಹೆಗಲ ಮೇಲೆ ನಿದ್ದೆ ಹೋದ ಕೂಸುಗಳನ್ನು ನೋಡಿದವರಿಗೆ ಬೇರೆ ಪಂಚಾಂಗ ಬೇಡ. ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹುಡುಗಿಯರು ದೀಪ ಹಿಡಿದು ತಾಂಡಾದ ಮನೆಮನೆಗೆ ಹೋಗಿ ‘ಮೇರಾ’ ಹೇಳುತ್ತಾರೆ. ಮನೆಯವರಿಗೆ ಒಳಿತು ಹಾರೈಸುವ ಹಾಡು ಅದು. ಮರುದಿನ ಅವರೇ ಕನ್ನಡಿ–ಕವಡೆಯ ಉಡುಪು ತೊಟ್ಟು, ಬುಟ್ಟಿ ಹಿಡಿದು, ಗುಂಪಾಗಿ ಹೊಲಕ್ಕೆ, ಗುಡ್ಡಕ್ಕೆ ಹೂ ತರಲು ಹೊರಡುತ್ತಾರೆ. ಹಾಡಿಕೊಂಡು ಹೋಗಿ, ಕುಣಿದು, ಹೂ ಕಿತ್ತು ಬಂದು ಪ್ರತಿ ಮನೆಯ ಸಗಣಿ ಗುಪ್ಪೆಗೆ ಮುಡಿಸುತ್ತಾರೆ. ಬರುವ ವರ್ಷದೊಳಗೆ ಮದುವೆಯಾಗಿ ಹೋಗುವ ಹುಡುಗಿಗೆ ತವರಿನ ತಾಂಡಾದಲ್ಲಿ ಅದೇ ಕೊನೆಯ ಮೇರಾ. ಹಾಡಿನ ನಡುವೆ ಅವಳು ಅತ್ತರೆ ಜೊತೆಯವರೂ ಅಳುತ್ತಾರೆ, ಅಳುತ್ತಲೇ ಹೆಜ್ಜೆ ಹಾಕುತ್ತಾರೆ.

ಇಷ್ಟೆಲ್ಲ ಆದರೂ ಈ ಕಾಲದ ರಾಜ ಎಳ್ಳಮಾಸಿ. ಹೊಲಕ್ಕೆ ಚರಗ ಚೆಲ್ಲುವ ಹಬ್ಬ. ಧಾರವಾಡ, ಬಾಗಲಕೋಟೆ ಕಡೆ ದಸರೆಯಾಗಿ ಐದು ದಿನಕ್ಕೆ ಬರುವ ಶೀಗಿ ಹುಣ್ಣಿಮೆಗೆ ಚರಗದ ಸಂಭ್ರಮ ಹೆಚ್ಚು. ಬೀದರ್, ಕಲಬುರಗಿ, ಯಾದಗಿರಿಯ ನಮಗೆ ಎಳ್ಳಮಾಸಿಯೇ ದೊಡ್ಡದು. ಕಾರಣ ನೆಲದಲ್ಲಿದೆ. ನಮ್ಮದು ಹಿಂಗಾರಿ ಜೋಳದ ಎರೆಭೂಮಿ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಬಿಳಿಜೋಳ ಮಾರ್ಗಶಿರದ ಹೊತ್ತಿಗೆ ಆಳೆತ್ತರ ನಿಂತು ಹೊಡೆ ತುಂಬುತ್ತಿರುತ್ತದೆ, ತೊಗರಿ ಕಾಯಿ ಕಟ್ಟಿರುತ್ತದೆ, ಕಡಲೆ ಹಸಿರಾಗಿರುತ್ತದೆ. ಭೂಮ್ತಾಯಿ ಬಸುರಿ ಎನ್ನುತ್ತಾರೆ ಹಿರಿಯರು. ಬಸುರಿಗೆ ಬಯಕೆ ತೀರಿಸಬೇಕಲ್ಲ, ಅದಕ್ಕೆ ಈ ಬುತ್ತಿ.

ಬುತ್ತಿಯ ಕೆಲಸ ವಾರ ಮೊದಲೇ ಶುರು. ಓಣಿಗೆ ಓಣಿಯೇ ರೊಟ್ಟಿ ಬಡಿಯುವ ಸದ್ದು. ಸಜ್ಜಿ ಹಿಟ್ಟಿನ ಮುದ್ದೆಯನ್ನು ಕೊಣಮಿಗೆಯಲ್ಲಿ ನಾದಿ, ಬಡಿದು, ತೆಳ್ಳಗಾದ ಮೇಲೆ ಒದ್ದೆ ಅಂಗೈಯಿಂದ ಎಳ್ಳು ಹಚ್ಚಿ ಹಂಚಿಗೆ ಹಾಕುತ್ತಾರೆ. ನಮ್ಮ ಆಯಿಯ ರೊಟ್ಟಿಯಲ್ಲಿ ಎಳ್ಳು ಎಣಿಸಿಟ್ಟ ಹಾಗೆ ಇರುತ್ತಿತ್ತು, ಒಂದರ ಮೇಲೊಂದು ಬೀಳುತ್ತಿರಲಿಲ್ಲ. ಆರಿದ ರೊಟ್ಟಿ ಕಡಕ್ಕಾಗಿ ಬುಟ್ಟಿಯಲ್ಲಿ ಒಟ್ಟಿದರೆ ತಿಂಗಳಾದರೂ ಕೆಡದು. ಹಿಂದಿನ ರಾತ್ರಿ ಭಜ್ಜಿ. ಎಣ್ಣೆಯಲ್ಲಿ ಕರಿಯುವ ಬಜ್ಜಿಯೆಂದು ಹೊರಗಿನವರು ತಿಳಿಯುತ್ತಾರೆ, ಇದು ಬೇರೆ. ಆ ಹಂಗಾಮಿನಲ್ಲಿ ಹೊಲ–ಹಿತ್ತಲಲ್ಲಿ ಏನೇನು ಸಿಗುತ್ತದೋ ಅದೆಲ್ಲ ಒಂದೇ ಗಡಿಗೆಗೆ ಬರುತ್ತದೆ. ಮೆಂತ್ಯೆ, ಪಾಲಕ, ಹುಣಸೆಯ ಹುಳಿ, ಹಸಿ ತೊಗರಿಕಾಳು, ಅವರೆ, ಅಲಸಂದಿ, ಹಸಿ ಕಡಲೆ, ಗಜ್ಜರಿ, ಬದನೆ, ಮೇಲೆ ಕಡಲೆಹಿಟ್ಟು. ಬೇಯುತ್ತಾ ಬೇಯುತ್ತಾ ಯಾವುದು ಯಾವುದೆಂದು ಗೊತ್ತಾಗದ ಹಾಗೆ ಕೂಡಿಕೊಳ್ಳುತ್ತದೆ. ಜೊತೆಗೆ ಶೇಂಗಾ ಹೋಳಿಗೆ, ಕಡುಬು, ಪುಂಡಿ ಪಲ್ಯ, ಗುರೆಳ್ಳಿನ ಹಿಂಡಿ, ಅಂಬಲಿ, ಮೊಸರನ್ನ.

ಬೆಳಗ್ಗೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಜೂಲಾ. ಈಗ ಬಂಡಿ ಕಡಿಮೆ, ಟ್ರ್ಯಾಕ್ಟರೂ ಟಂಟಮ್ಮೂ ಹೆಚ್ಚು. ಹತ್ತಿ ಕೂರುವ ಮಂದಿ ಮಾತ್ರ ಅಷ್ಟೇ. ಹೊಲದ ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಹಚ್ಚಿದರೆ ಪಾಂಡವರಾದರು. ಪೂಜೆಯಾಗಿ ನೈವೇದ್ಯವಾದ ಮೇಲೆ ಚರಗ. ಒಬ್ಬರು ಬುಟ್ಟಿ ಹಿಡಿದು ಕಡುಬು, ರೊಟ್ಟಿ, ಭಜ್ಜಿ ಕಲೆಸಿದ್ದನ್ನು ಬೆಳೆಯ ಸಾಲಿನಲ್ಲಿ ಚೆಲ್ಲುತ್ತಾ ಹೋದರೆ ಹಿಂದೆ ಒಬ್ಬರು ತಂಬಿಗೆಯ ನೀರು ಚಿಮುಕಿಸುತ್ತಾರೆ. ಮುಂದಿನವರು ಕೂಗು ಹಾಕುತ್ತಾರೆ, ಹಿಂದಿನವರು ಕೂಗಿಗೆ ಕೂಗು ಕೊಡುತ್ತಾರೆ. ಪಕ್ಕದ ಹೊಲದಿಂದಲೂ ಅದೇ ಕೂಗು, ಅದರಾಚೆಯ ಹೊಲದಿಂದಲೂ. ಮಧ್ಯಾಹ್ನದ ಬಯಲು ತುಂಬ ಮನುಷ್ಯರ ದನಿ. ಚೆಲ್ಲಿದ ಅನ್ನಕ್ಕೆ ಹಕ್ಕಿ ಬರುತ್ತವೆ. ಬಂದ ಹಕ್ಕಿ ತೊಗರಿ, ಕಡಲೆಯ ಕಾಯಿ ಕೊರೆಯುವ ಹುಳುವನ್ನೂ ಹೆಕ್ಕುತ್ತವೆ ಎಂಬುದು ಹಿರಿಯರು ಕೊಡುವ ಕಾರಣ. ಕಾಯಿಕೊರಕ ಜೋರಾಗುವ ಕಾಲವೂ ಅದೇ ಆಗಿರುವುದರಿಂದ ಆ ಮಾತನ್ನು ತಳ್ಳಿಹಾಕುವಂತಿಲ್ಲ.

ಆಮೇಲೆ ಊಟ. ಜಮಖಾನ ಹಾಸಿ ಕೂತರೆ ಸುತ್ತಲೂ ಜೋಳದ ಗೋಡೆ. ಈ ಊಟಕ್ಕೆ ಒಂದು ಕಟ್ಟಳೆಯಿದೆ. ಹೊಲದ ದಾರಿಯಲ್ಲಿ ಹೋಗುವವರು ಯಾರೇ ಆಗಲಿ, ಉಣ್ಣದೆ ಹೋಗಬಾರದು. ‘ಕಾಕಾ, ಉಣ್ಲಾಕ ಬರ್ರಿ’ ಎಂದು ಕೂಗಿದರೆ ‘ಈಗ ಉಂಡೀನಿ ತಮ್ಮಾ’ ಎನ್ನುವಂತಿಲ್ಲ. ಕನಿಷ್ಠ ಒಂದು ತುತ್ತು ಬಾಯಿಗಿಡಬೇಕು. ಹೊಲ ಇಲ್ಲದವರನ್ನು ಇರುವವರು ಹಿಂದಿನ ದಿನವೇ ಮನೆಗೆ ಹೋಗಿ ಕರೆಯಬೇಕು. ಶಾಲೆಯ ಮಾಸ್ತರರು, ಬ್ಯಾಂಕಿಗೆ ಹೊಸದಾಗಿ ಬಂದ ಪರವೂರಿನವರು, ಓಣಿಯ ಸಾಬರ ಮನೆಯವರು, ಬಾಡಿಗೆ ಮನೆಯ ಕುಟುಂಬ, ಎಲ್ಲರಿಗೂ ಕರೆ. ಅಂದು ಮಧ್ಯಾಹ್ನ ನಮ್ಮ ಊರುಗಳಲ್ಲಿ ಅಂಗಡಿ ತೆರೆದಿದ್ದರೂ ಕೊಳ್ಳುವವರಿಲ್ಲ. ಊರೆಲ್ಲ ಹೊಲದಲ್ಲಿರುತ್ತದೆ.

ಹುಣಸಗಿ ಸೀಮೆಯ ಬೂದಿಹಾಳದ ವಿಷಯ ಈ ಹೊತ್ತಿಗೆ ನೆನಪಾಗುತ್ತದೆ. ಅಲ್ಲಿನ ಬೂದಿ ದಿಬ್ಬ ನಾಲ್ಕು ಸಾವಿರ ವರ್ಷಗಳ ಹಿಂದೆ ದನ ಸಾಕುತ್ತಿದ್ದ ಜನರದು. ಸಗಣಿ ಸುಟ್ಟು ಸುಟ್ಟು ಗುಡ್ಡೆಯಾದದ್ದು. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಅಲ್ಲಿ ಅಗೆದಾಗ ಜಾನುವಾರು ಕಡಿದು ಪಾಲು ಮಾಡುತ್ತಿದ್ದ ನೆಲ, ಎಲುಬು, ಕಲ್ಲಿನ ಅಲಗುಗಳು ಸಿಕ್ಕವು. ಒಂದು ಮನೆಯ ಅಡುಗೆಗೆ ಅಂಥ ಜಾಗ ಬೇಕಾಗುವುದಿಲ್ಲ. ಹಲವು ಮನೆಗಳು ಬಯಲಿನಲ್ಲಿ ಕೂಡಿ ಉಂಡ ಗುರುತು ಎಂದೇ ನಾನು ಅದನ್ನು ಓದುತ್ತೇನೆ. ಹೊಲದಲ್ಲಿ ಪಂಕ್ತಿ ಕೂತಾಗಲೆಲ್ಲ ಆ ನೆಲ ನನ್ನ ಕಣ್ಣ ಮುಂದೆ ಬರುತ್ತದೆ.

ಆದರೆ ಪಂಕ್ತಿ ಯಾವಾಗಲೂ ಒಂದೇ ಆಗಿರಲಿಲ್ಲ. ನಾನು ಕಂಡ ಹೊಲಗಳಲ್ಲೇ ವರ್ಷವಿಡೀ ದುಡಿದ ಕೂಲಿಯವರಿಗೆ ಬದುವಿನಾಚೆ ಬಡಿಸಿದ್ದಿದೆ. ರೊಟ್ಟಿ ಅದೇ, ಭಜ್ಜಿ ಅದೇ, ಕೂರುವ ಜಾಗ ಬೇರೆ. ಹುಡುಗನಾಗಿದ್ದಾಗ ನನಗದು ಕಣ್ಣಿಗೇ ಬಿದ್ದಿರಲಿಲ್ಲ, ಈಗ ನೆನೆದರೆ ತುತ್ತು ಗಂಟಲಲ್ಲಿ ನಿಲ್ಲುತ್ತದೆ. ಎಷ್ಟೋ ಕಡೆ ಅದು ಹೋಗಿದೆ, ಪೂರಾ ಹೋಗಿಲ್ಲ. ಭಜ್ಜಿಯ ಗಡಿಗೆಯಲ್ಲಿ ಯಾವ ಕಾಳನ್ನೂ ಬೇರೆ ಇಡದವರು ಜಮಖಾನದ ಮೇಲೆ ಬೇರೆ ಇಟ್ಟರೆ ಅದು ಹಬ್ಬವಲ್ಲ. ಬಸುರಿ ತಾಯಿಯ ಎದುರಿಗೆ ಮಕ್ಕಳಲ್ಲಿ ಭೇದ ಮಾಡಿ ಉಂಡ ಪಾಪ ಅದು.

ನೀರಾವರಿಯೂ ಈ ಹಬ್ಬವನ್ನು ಬದಲಿಸಿದೆ. 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯವಾಗಿ ಎಡದಂಡೆ ಕಾಲುವೆ ಹರಿದ ಮೇಲೆ ಸುರಪುರ, ಶಹಾಪುರದ ಎಷ್ಟೋ ಜೋಳದ ಹೊಲ ಭತ್ತದ ಗದ್ದೆಯಾಯಿತು. ಕಾಲುವೆ ನಮ್ಮನ್ನು ಬದುಕಿಸಿದೆ, ಅದರ ಋಣ ಮರೆಯುವವನು ನಾನಲ್ಲ. ಆದರೆ ಕೊಯ್ದ ಗದ್ದೆಯ ಕೂಳೆಯಲ್ಲಿ ಚರಗ ಚೆಲ್ಲಲು ಬಸುರಿ ಎಲ್ಲಿ? ನಮ್ಮ ಬಳಗದ ನಾಲ್ಕು ಮನೆಗಳು ಈಗ ಎಳ್ಳಮಾಸಿಗೆ ಖುಷ್ಕಿ ಹೊಲ ಉಳಿಸಿಕೊಂಡ ಒಬ್ಬ ದೊಡ್ಡಪ್ಪನ ಹೊಲಕ್ಕೇ ಹೋಗುತ್ತೇವೆ. ಹತ್ತು ಜನರ ಬುತ್ತಿ ನಲವತ್ತು ಜನರದಾಗಿದೆ. ಕಳೆದುಕೊಂಡದ್ದರಲ್ಲಿ ಸಿಕ್ಕದ್ದು ಇದು.

2023ರ ಜೂನ್ 11ರಂದು ಹೆಂಗಸರ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಇನ್ನೊಂದು ಬದಲಾವಣೆ ಬಸ್ಸಿನಲ್ಲೇ ಕಾಣುತ್ತದೆ. ತಿಂಥಣಿ ಮೌನೇಶ್ವರನ, ಛಾಯಾ ಭಗವತಿಯ ಗುಡಿಗಳಿಗೆ ಬುತ್ತಿ ಗಂಟು ತೊಡೆಯ ಮೇಲಿಟ್ಟುಕೊಂಡು ಗುಂಪಾಗಿ ಹೊರಟ ಹೆಂಗಸರು. ನಸುಕಿನ ಬನ್ನಿ ಗಿಡದ ಹಾದಿಯೇ ಕೃಷ್ಣೆಯ ದಂಡೆವರೆಗೆ ಬೆಳೆದಂತೆ ನನಗೆ ತೋರುತ್ತದೆ. ಯಾರನ್ನೂ ಬೇಡದೆ, ಸೊಂಟದ ಚೀಲ ತಡಕದೆ, ‘ನಡೀರವ್ವ ಹೋಗಿ ಬರೂಣು’ ಎಂದು ಎದ್ದವರ ಮುಖದ ಕಳೆ ನೋಡಬೇಕು.

ಹೊರಡುವವರಿಗೆ ಒಂದೆರಡು ಮಾತು. ಹೊಲಕ್ಕೆ, ಕೆರೆಗೆ, ನದಿಗೆ ಪ್ಲಾಸ್ಟಿಕ್ ತಟ್ಟೆ, ಲೋಟ ಒಯ್ಯಬೇಡಿರಿ. ರೊಟ್ಟಿಯೇ ತಟ್ಟೆಯಾಗುವ ನಾಡು ನಮ್ಮದು. ಕೃಷ್ಣೆಯಲ್ಲಿ ನೀರು ಬಿಟ್ಟಾಗ ಬಂಡೆಗಳ ಮೇಲೆ ಮಕ್ಕಳನ್ನು ಬಿಡಬೇಡಿರಿ. ಊರಿನಲ್ಲಿ ಗುಳೆ ಹೋದವರ ಮನೆಯಲ್ಲಿ ಮುದುಕರಷ್ಟೇ ಉಳಿದಿದ್ದರೆ ಅವರನ್ನು ಟಂಟಮ್ಮಿನಲ್ಲಿ ಕೂರಿಸಿಕೊಳ್ಳಿರಿ. ಈ ಸಲದ ಎಳ್ಳಮಾಸಿಗೆ, ಹಿಂದೆ ಒಮ್ಮೆಯೂ ನಿಮ್ಮ ಜಮಖಾನದ ಮೇಲೆ ಕೂತಿರದ ಒಂದು ಮನೆಯವರನ್ನು ಹಿಂದಿನ ದಿನವೇ ಹೋಗಿ ಕರೆಯಿರಿ. ಬುತ್ತಿಯಲ್ಲಿ ಹತ್ತು ರೊಟ್ಟಿ ಹೆಚ್ಚಿಗೆ ಕಟ್ಟಿರಿ.